ಎಂಟೂವರೆಯಿಂದ ಆರೂವರೆಗೆ ಇಳಿದ ಎಂಜಿನ್

1957ನೇ ಇಸವಿ, ಮಳೆಗಾಲದ ಆರಂಭ. ಗೋಕಾಕದಲ್ಲಿ ನಾನು ಗ್ಯಾರೇಜ್ ತೆರೆದು ಆಗಲೇ ಹತ್ತು ವರ್ಷವಾಗಿತ್ತು. ಯುದ್ಧಕಾಲದಲ್ಲಿ ಸೈನ್ಯದ ವರ್ಕ್‌ಶಾಪಿನಲ್ಲಿ ಐದು ವರ್ಷ ಎಂಜಿನ್ ಬಿಚ್ಚಿ ಕಟ್ಟಿದ್ದೆ. 1947ರಲ್ಲಿ ಬಿಡುಗಡೆಯಾಗಿ ಊರಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ನಟ್ಟು ಬಿಚ್ಚುವ ಪಾನೆಗಳ ಒಂದು ಪೆಟ್ಟಿಗೆ ಮತ್ತು ಕೂದಲೆಳೆಯ ದಪ್ಪವನ್ನೂ ಅಳೆಯುವ ಒಂದು ಮೈಕ್ರೋಮೀಟರ್. ಅದರ ಜೊತೆಗೆ ಬೇಕಾದಷ್ಟು ಜಂಬವೂ ಇತ್ತು. ಸುತ್ತಲಿನ ಲಾರಿ ಡ್ರೈವರುಗಳು 'ದಸ್ತಗೀರ ಮಿಸ್ತ್ರಿ ಎಂಜಿನ್ನಿಗೆ ಕಿವಿ ಹಚ್ಚಿದರ ಸಾಕು' ಎಂದು ಹೊಗಳುತ್ತಿದ್ದರು. ನಾನೂ ಅದನ್ನು ಪೂರ್ತಿ ನಂಬಿದ್ದೆ.

ಆ ಜೂನ್ ತಿಂಗಳಲ್ಲಿ ನನ್ನ ಗ್ಯಾರೇಜಿಗೆ ಒಂದು ಕಾರು ಬಂತು. ಇಂಗ್ಲೆಂಡಿನದು, ಎರಡೇ ಸೀಟಿನದು, ಮೇಲೆ ಕ್ಯಾನ್ವಾಸಿನ ಹೊದಿಕೆ. ನಾಲ್ಕು ಸಿಲಿಂಡರ್, 1250 ಸಿಸಿ, ಎರಡು ಕಾರ್ಬ್ಯುರೇಟರ್. ಹತ್ತಿರದ ಸಂಸ್ಥಾನವೊಂದರ ಯುವರಾಜರು ರೇಸಿಗೆಂದು ತರಿಸಿದ್ದ ಗಾಡಿ. ಸಂಸ್ಥಾನ ಹೋಯಿತು, ರೇಸಿನ ಹುಚ್ಚೂ ಇಳಿಯಿತು, ಗಾಡಿ ಮಾರಾಟಕ್ಕೆ ಬಂತು. ಸಂಸಾರಸ್ಥರಿಗೆ ಎರಡು ಸೀಟು ಯಾವ ಉಪಯೋಗಕ್ಕೆ? ಯಾರೂ ಕೊಳ್ಳಲಿಲ್ಲ. ಕಡೆಗೆ ಕೊಂಡವರು ನಮ್ಮ ಊರಿನ ಡಾಕ್ಟರಬಾಯಿ.

ಅವರ ಹೆಸರು ಶಾಂತಾಬಾಯಿ. ಗೋಕಾಕದಲ್ಲಿ ದವಾಖಾನೆ ಇಟ್ಟಿದ್ದರು. ವಾರಕ್ಕೆ ಒಂದು ದಿನ ಕಲ್ಲೋಳಿ, ಮೂಡಲಗಿ ಕಡೆಗೆ, ಇನ್ನೊಂದು ದಿನ ಅರಭಾವಿಯ ಮೇಲಿಂದ ಬೆಲ್ಲದ ಬಾಗೇವಾಡಿ, ಹುಕ್ಕೇರಿಯ ಕಡೆಗೆ ಹೋಗಿ ಬಸುರಿ ಹೆಂಗಸರನ್ನು ನೋಡುತ್ತಿದ್ದರು. ಹಳ್ಳಿಯ ಹೆರಿಗೆಗೆ ರೊಕ್ಕ ಮುಟ್ಟುತ್ತಿರಲಿಲ್ಲ. ಬಸ್ಸು ಕಾಯುತ್ತ ಕೂತರೆ ಹೆರಿಗೆ ಕಾಯುವುದಿಲ್ಲವಲ್ಲ, ಅದಕ್ಕೇ ಈ ಕಾರು. ತಾವೇ ಓಡಿಸುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಗೇರ್ ಹಾಕುವುದನ್ನು ನೋಡಲು ಮೊದಮೊದಲು ಬಜಾರಿನ ಮಂದಿ ಅಂಗಡಿ ಬಿಟ್ಟು ಹೊರಗೆ ಬರುತ್ತಿದ್ದರು.

ಗಾಡಿಯ ತೊಂದರೆ ಒಂದೇ. ಏರು ಬಂತೆಂದರೆ ಎಂಜಿನ್ನಿನೊಳಗೆ ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದಂತೆ ಕಟಕಟ ಸಪ್ಪಳ. ಇದಕ್ಕೆ ನಾಕಿಂಗ್ ಎನ್ನುತ್ತಾರೆ. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿ ಅಳೆದಾಗ ಕಾರಣ ತಿಳಿಯಿತು. ಯುವರಾಜರ ಮೆಕ್ಯಾನಿಕ್ ಹೆಡ್ಡನ್ನು ಸುಮಾರು ಮೂರು ಮಿಲಿಮೀಟರ್ ಸವರಿ ಕಂಪ್ರೆಷನ್ ರೇಶಿಯೊವನ್ನು 9.3ಕ್ಕೆ ಏರಿಸಿದ್ದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಿಸ್ಟನ್ ಕೆಳಗಿದ್ದಾಗ ಸಿಲಿಂಡರಿನ ತುಂಬ ಗಾಳಿ ಮತ್ತು ಪೆಟ್ರೋಲಿನ ಆವಿ ಇರುತ್ತದೆ. ಪಿಸ್ಟನ್ ಮೇಲೆ ಬಂದಾಗ ಅದೆಲ್ಲ ಹೆಡ್ಡಿನೊಳಗಿನ ಸಣ್ಣ ಜಾಗಕ್ಕೆ ಅಮುಕಿಕೊಳ್ಳುತ್ತದೆ. ಒಂಬತ್ತು ಪಾಲು ಒಂದು ಪಾಲಿನ ಜಾಗಕ್ಕೆ ಬಂದರೆ ರೇಶಿಯೊ ಒಂಬತ್ತು. ಎಷ್ಟು ಅಮುಕುತ್ತೀರೋ ಅಷ್ಟು ಶಕ್ತಿ. ಆದರೆ ಪೆಟ್ರೋಲಿಗೂ ತಾಳಿಕೆ ಎಂಬುದಿದೆ, ಅದನ್ನೇ ಆಕ್ಟೇನ್ ಎಂದು ಅಳೆಯುತ್ತಾರೆ. ತಾಳಿಕೆ ಮೀರಿ ಅಮುಕಿದರೆ ಕಿಡಿ ಹತ್ತಿದ ಮೇಲೆ ಸಾವಕಾಶವಾಗಿ ಉರಿಯಬೇಕಾದದ್ದು ಒಮ್ಮೆಲೇ ಸಿಡಿಯುತ್ತದೆ. ಆ ಸಿಡಿತದ ಏಟು ಪಿಸ್ಟನ್ನಿನ ತಲೆಯ ಮೇಲೆ ಬೀಳುತ್ತದೆ. ಯುವರಾಜರು ರೇಸಿನ ದಿನ ವಿಶೇಷ ಪೆಟ್ರೋಲ್ ಹಾಕಿಸುತ್ತಿದ್ದರಂತೆ. ನಮ್ಮ ಗೋಕಾಕದಲ್ಲಿ ಅದೆಲ್ಲಿ ಸಿಗಬೇಕು?

ಕಾರ್ಖಾನೆಯವರು ಈ ಎಂಜಿನ್ನಿಗೆ ಗೊತ್ತುಮಾಡಿದ್ದು ಏಳೂಕಾಲು. ಡಾಕ್ಟರಬಾಯಿಯವರೂ ನನಗೆ ಸ್ಪಷ್ಟವಾಗಿ ಹೇಳಿದ್ದರು:

"ನನಗ ಜೋರು ಓಡೂ ಗಾಡಿ ಬ್ಯಾಡ್ರಿ ಮಿಸ್ತ್ರಿ, ಹೋಗಿ ಮುಟ್ಟೂ ಗಾಡಿ ಬೇಕು."

ನಾನು ಹೂಂ ಎಂದೆ. ಆದರೆ ಮನಸ್ಸು ಕೇಳಬೇಕಲ್ಲ! ಹತ್ತು ವರ್ಷ ಬರೀ ಲಾರಿ ಎಂಜಿನ್ ಉಜ್ಜಿ ಉಜ್ಜಿ ಬೇಸತ್ತಿದ್ದ ಕೈಗೆ ಇಂಥ ಕುದುರೆ ಸಿಕ್ಕಿತ್ತು. ಅದನ್ನು ಏಳೂಕಾಲಕ್ಕೆ ಇಳಿಸಿ ಎತ್ತು ಮಾಡುವುದೇ? ಪಂಪಿನ ಪೆಟ್ರೋಲ್ ತಂದು ಪರೀಕ್ಷೆ ಮಾಡಿದೆ, ಕಿಡಿ ಹತ್ತುವ ಹೊತ್ತನ್ನು, ಅಂದರೆ ಇಗ್ನಿಷನ್ ಟೈಮಿಂಗನ್ನು, ಹಿಂದೆ ಮುಂದೆ ಮಾಡಿ ನೋಡಿದೆ. ಎಂಟೂವರೆಯನ್ನು ಆ ಪೆಟ್ರೋಲ್ ಅಂತೂ ಇಂತೂ ತಡೆಯುತ್ತದೆ ಎಂದು ಖಾತ್ರಿಯಾಯಿತು. ಹೆಡ್ಡಿನ ಕೆಳಗೆ ಇಡುವ ತೆಳು ಹಾಳೆಯಾದ ಗ್ಯಾಸ್ಕೆಟ್ಟನ್ನು ಒಂದರ ಬದಲು ಎರಡು ಇಟ್ಟು ಹೆಡ್ ಕೂರಿಸಿದೆ. ಒಳಗಿನ ಜಾಗ ಸಿಲಿಂಡರಿಗೆ 37.6 ಸಿಸಿ ಇದ್ದದ್ದು 41.8 ಆಯಿತು, ರೇಶಿಯೊ ಎಂಟೂವರೆ. ಏರಿನಲ್ಲಿ ಮೂರನೇ ಗೇರಿನಲ್ಲೇ ಗಾಡಿ ಸರಾಗ ಹತ್ತಿದಾಗ ನನಗೆ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಮನೆಯಲ್ಲಿ ಹೇಳಿ ಎರಡು ದಿನ ಬೈಸಿಕೊಂಡೆ.

ಮೂರು ತಿಂಗಳು ಗಾಡಿ ಚೆನ್ನಾಗಿ ನಡೆಯಿತು. ದಸರೆಯ ಹೊತ್ತಿಗೆ ಆಯಿಲ್ ಬದಲಿಸಲು ಬಂದ ಡಾಕ್ಟರಬಾಯಿ, "ಮಿಸ್ತ್ರಿ, ಈ ಗಾಡಿ ಪೆಟ್ರೋಲ್ ಭಾಳ ಕಮ್ಮಿ ಕುಡಿತೈತಿ. ಪಂಪಿನ್ಯಾಂವ 'ಯಾಕ್ರಿ ಬಾಯಾರ, ತಿರುಗಾಡೂದು ಬಿಟ್ಟಿರೇನು' ಅಂತ ಕೇಳಾಕತ್ತಾನ" ಎಂದು ನಕ್ಕರು.

"ಎಂಟೂವರೆ ಅಂದ್ರ ಏನಂತ ತಿಳದೀರಿ ಬಾಯಿ! ಹನಿ ಹನಿಗೂ ಕೆಲಸಾ ತಗೀತೈತಿ," ಎಂದು ನಾನು ಮೀಸೆ ತಿರುವಿದೆ. ಕಂಪ್ರೆಷನ್ ಏರಿದರೆ ಪೆಟ್ರೋಲ್ ಉಳಿಯುವುದು ಖರೆ, ಆದರೆ ಅಷ್ಟೊಂದು ಉಳಿಯುವುದಿಲ್ಲ. ಅದನ್ನು ಆಗ ಲೆಕ್ಕ ಹಾಕಿ ನೋಡಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು. ಹೊಗಳಿಕೆ ಬಂದಾಗ ಲೆಕ್ಕ ಯಾರಿಗೆ ಬೇಕು?

ಡಿಸೆಂಬರ್ ಮೊದಲ ವಾರ. ಬೆಲ್ಲದ ಬಾಗೇವಾಡಿಯ ಶಿವನಗೌಡರ ಸೊಸೆ ಗಂಗವ್ವನಿಗೆ ಮೊದಲ ಹೆರಿಗೆ. ಡಾಕ್ಟರಬಾಯಿ ಆಕೆಯನ್ನು ನಾಲ್ಕು ತಿಂಗಳಿಂದ ನೋಡುತ್ತಿದ್ದರು. ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಬಂತು: ನೋವು ಶುರುವಾಗಿದೆ, ಕೂಸು ಅಡ್ಡ ಇದ್ದ ಹಾಗಿದೆ, ಲಗೂನ ಬರಬೇಕು. ಡಾಕ್ಟರಬಾಯಿ ಕೂಡಲೇ ಹೊರಟರು. ಊರು ಇನ್ನೂ ಎರಡು ಮೈಲಿ ಇರುವಾಗ ಎಂಜಿನ್ ಕಟಕಟ ಎಂದು, ಹೊಗೆ ಕಾರಿ, ನಿಂತುಬಿಟ್ಟಿತು. ಚಕ್ಕಡಿ ಸಿಗುವವರೆಗೆ ಚೀಲ ಹೊತ್ತು ನಡೆದರು. ಮುಟ್ಟುವಾಗ ಒಂದು ತಾಸಿಗೂ ಮಿಕ್ಕಿ ತಡವಾಗಿತ್ತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ.

ಎರಡು ಜೋಡಿ ಎತ್ತು ಕಟ್ಟಿ ಗಾಡಿಯನ್ನು ನನ್ನ ಗ್ಯಾರೇಜಿಗೆ ಎಳೆತಂದರು. ಹೆಡ್ ಬಿಚ್ಚಿದೆ. ಮೂರನೇ ಪಿಸ್ಟನ್ನಿನ ನಡುವೆ ನಾಲ್ಕಾಣೆ ಅಗಲದ ತೂತು, ಅಲ್ಯೂಮಿನಿಯಂ ಮೇಣದ ಹಾಗೆ ಕರಗಿತ್ತು. ನಾಕಿಂಗ್ ಆಗದೆ ಇಂಥ ತೂತು ಬೀಳುವುದಿಲ್ಲ. ಎಂಟೂವರೆಯನ್ನು ನಾನೇ ಪರೀಕ್ಷೆ ಮಾಡಿ ಇಟ್ಟಿದ್ದೆ, ಅಂದಮೇಲೆ ತಪ್ಪು ನನ್ನದಾಗಲು ಹೇಗೆ ಸಾಧ್ಯ? ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಮಗು ಸತ್ತ ಸುದ್ದಿ ತಿಳಿದಿದ್ದರೂ ಆ ಬಾಯಿಯ ಮುಖ ನೋಡಿ ಅಂದುಬಿಟ್ಟೆ:

"ಸಣ್ಣ ಗೇರ್ ಹಾಕೂದ ಬಿಟ್ಟು ಟಾಪ್ ಗೇರಿನ್ಯಾಗ ಹಿಂಡಿದ್ರ ಎಂಜಿನ್ ಏನ ಮಾಡಬೇಕ್ರಿ ಬಾಯಿ?"

ಅವರು ತಮ್ಮ ಚೀಲ ಎತ್ತಿಕೊಂಡರು. ಆಮೇಲೆ, "ಇದ್ದೀತು ಮಿಸ್ತ್ರಿ. ನನ್ನಿಂದನ ಆಗಿದ್ದೀತು," ಎಂದಷ್ಟೇ ಹೇಳಿ ದವಾಖಾನೆಗೆ ನಡೆದುಕೊಂಡು ಹೋದರು. ಆ ಮಾತನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಮುಂಬಯಿಯಿಂದ ರೈಲಿನಲ್ಲಿ ಹೊಸ ಪಿಸ್ಟನ್ ತರಿಸಿ, ಮತ್ತೆ ಅದೇ ಎಂಟೂವರೆಗೆ ಎಂಜಿನ್ ಕಟ್ಟಿದೆ. ಹಟ ಎಂದರೆ ಹಟ. ಆದರೂ ಒಳಗೊಳಗೇ ಏನೋ ಕೊರೆಯುತ್ತಿತ್ತು. 1958ರ ಜನವರಿಯಲ್ಲಿ ಡಾಕ್ಟರಬಾಯಿ ಬಾಗೇವಾಡಿಗೆ ಹೊರಟಾಗ, 'ನೀವು ಹೆಂಗ ಓಡಸ್ತೀರಿ ನೋಡತೇನಿ' ಎಂದು ಪಕ್ಕದ ಸೀಟಿನಲ್ಲಿ ಕುಳಿತೆ. ಅರಭಾವಿ ದಾಟಿದೆವು. ಏರಿನಲ್ಲಿ ಎಂಜಿನ್ ಗುಂಯ್ ಎಂದು ಒಂದೇ ಸಮ ಹಾಡುತ್ತಿತ್ತು, ಒಂದು ಹರಳಿನ ಸಪ್ಪಳವೂ ಇಲ್ಲ. ಗೇರನ್ನೂ ಅವರು ಸರಿಯಾಗಿಯೇ ಹಾಕುತ್ತಿದ್ದರು.

"ನೋಡ್ರಿ ಬಾಯಿ, ಹಿಂಗ ಓಡಸಿದ್ರ ನೂರು ವರ್ಷಾ ಬಾಳತೈತಿ," ಎಂದು ಉಪದೇಶ ಮಾಡಿದೆ.

"ನಾ ಯಾವಾಗ್ಲೂ ಹಿಂಗ ಓಡಸ್ತೀನಿ, ಮಿಸ್ತ್ರಿ," ಎಂದರು ಅವರು.

ಶಿವನಗೌಡರ ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ ಡಾಕ್ಟರಬಾಯಿ ಗಂಗವ್ವನನ್ನು ನೋಡಲು ಒಳಗೆ ಹೋದರು. ನಾನು ಬೇವಿನ ನೆರಳಿನಲ್ಲಿ ಕುಳಿತು ಬೀಡಿ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಶಿವನಗೌಡರು ಬಂದರು. ಅರವತ್ತು ದಾಟಿದ ಎತ್ತರದ ಆಳು, ದೊಡ್ಡ ರುಮಾಲು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಲಾಳಿಕೆ. ಕಾರಿನ ಹಿಂದಕ್ಕೆ ಹೋದರು. ಆ ಕಾರಿನ ಟ್ಯಾಂಕು ಹಿಂಭಾಗದಲ್ಲಿ ಬಯಲಿಗೇ ಇತ್ತು. ರೇಸಿನ ನಡುವೆ ಬೇಗ ತುಂಬಲೆಂದು ಹೆಬ್ಬೆರಳಿನಿಂದ ಒತ್ತಿದರೆ ತೆರೆಯುವ ಮುಚ್ಚಳ. ಎಷ್ಟಿದೆ ಎಂದು ತೋರಿಸುವ ಮುಳ್ಳು ಮಾತ್ರ ಇರಲಿಲ್ಲ. ಗೌಡರು ಪಳಗಿದ ಕೈಯಿಂದ ಮುಚ್ಚಳ ತೆರೆದು, ಲಾಳಿಕೆ ಇಟ್ಟು, ಗುಳುಗುಳು ಸುರಿಯತೊಡಗಿದರು.

ನಾನು ಎದ್ದು ಓಡಿದೆ. "ಗೌಡ್ರ, ಏನ್ ಹಾಕಾಕತ್ತೀರಿ?"

"ಪೆಟ್ರೋಲ್ರಿ ಮಿಸ್ತ್ರಿ. ಬಾಯಾರು ರೊಕ್ಕಾ ಮುಟ್ಟೂದಿಲ್ಲ, ಕಾಳು ಕೊಟ್ರ ಒಲ್ಲೆ ಅಂತಾರ. ನೆರಿಮನಿ ಗಡಿಗಿ ತಿರುಗಿ ಕೊಡೂಮುಂದ ಸೈತ ನಾವು ಖಾಲಿ ಕೊಡೂದಿಲ್ರಿ. ಅಂಥಾದ್ರಾಗ ಬಾಯಾರ ಗಾಡಿ ಖಾಲಿ ಕಳಸೂದು ಹೆಂಗ್ರಿ? ಹೇಳಿದ್ರ ಬೈತಾರಂತ ಅವರು ಒಳಗ ಹೋದಾಗ ಹಾಕತೀವ್ರಿ."

"ಹಾಕತೀವಿ ಅಂದ್ರ? ಮತ್ಯಾರು?"

"ಹುಕ್ಕೇರಿ ಕಡೆ, ಮೂಡಲಗಿ ಕಡೆ, ತ್ವಾಟದಾಗ ನೀರಿನ ಪಂಪ್ ಇದ್ದಾವ್ರೆಲ್ಲಾ ಹಾಕತಾರ್ರಿ," ಎಂದು ಗೌಡರು ಖುಷಿಯಿಂದ ಹೇಳಿದರು.

ಡಬ್ಬಿಗೆ ಮೂಗು ಹಚ್ಚಿದೆ. ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ! ಆಗ ತೋಟದ ನೀರಿನ ಪಂಪುಗಳನ್ನು ಒಂದಿಷ್ಟು ಪೆಟ್ರೋಲ್ ಹಾಕಿ ಶುರು ಮಾಡಿ, ಎಂಜಿನ್ ಕಾದ ಮೇಲೆ ಸೀಮೆಎಣ್ಣೆಯ ಮೇಲೆ ನಡೆಸುತ್ತಿದ್ದರು. ಎರಡಕ್ಕೂ ಒಂದೇ ಡಬ್ಬಿ, ಒಂದೇ ಲಾಳಿಕೆ. ಉಳಿದದ್ದೆಲ್ಲ ಅದಕ್ಕೇ ಸುರಿಯುವುದು. ಪಂಪಿನ ಎಂಜಿನ್ನಿನ ಕಂಪ್ರೆಷನ್ ಐದರ ಆಸುಪಾಸು, ಅದು ಏನು ಕೊಟ್ಟರೂ ಕುಡಿಯುತ್ತದೆ. ಸೀಮೆಎಣ್ಣೆಗೆ ತಾಳಿಕೆ ಬಹಳ ಕಡಿಮೆ. ಅದನ್ನು ಎಂಟೂವರೆಯಲ್ಲಿ ಅಮುಕಿದರೆ ಪಿಸ್ಟನ್ ಕರಗದೆ ಏನಾದೀತು? ಪೆಟ್ರೋಲ್ ಕಮ್ಮಿ ಕುಡಿಯುತ್ತದೆ ಎಂದು ನಾನು ಮೀಸೆ ತಿರುವಿದ್ದು ನೆನಪಾಯಿತು.

ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. "ಏ ಗೌಡ್ರ, ನಿಮಗೇನ ಬುದ್ಧಿ..." ಎಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಗಂಗವ್ವ ಡಾಕ್ಟರಬಾಯಿಯ ಹಿಂದೆ ಹೊಸ್ತಿಲಿಗೆ ಬಂದಳು. ಇಪ್ಪತ್ತರ ಹುಡುಗಿ, ಬಾಣಂತಿಯ ಹಾಗೆ ತಲೆಗೆ ಬಟ್ಟೆ ಕಟ್ಟಿದ್ದಳು, ಕೈ ಖಾಲಿ. ಪಿಸ್ಟನ್ ಸುಟ್ಟದ್ದು ಯಾವುದರಿಂದ ಎಂದು ಹೇಳಿದರೆ, ಮೊಮ್ಮಗ ಹೋದದ್ದು ತನ್ನ ಡಬ್ಬಿಯಿಂದ ಎಂದು ಈ ಮುದುಕ ತಿಳಿಯುತ್ತಾನೆ.

"ಏನಂದ್ರಿ ಮಿಸ್ತ್ರಿ?" ಎಂದರು ಗೌಡರು.

"ಏನಿಲ್ರಿ. ಲಾಳಿಕಿ ಸ್ವಚ್ಛ ಐತೇನಂತ ಕೇಳಿದೆ," ಎಂದೆ.

ತಿರುಗಿ ಬರುವಾಗ ಒಂದು ಮೈಲಿಯೊಳಗೇ ಕಟಕಟ ಶುರುವಾಯಿತು. ಗಾಡಿ ನಿಲ್ಲಿಸಲು ಹೇಳಿ, ಕಂಡದ್ದನ್ನೆಲ್ಲ ಡಾಕ್ಟರಬಾಯಿಗೆ ಹೇಳಿದೆ. ಅವರು ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ತಮ್ಮ ಕೈಯ ತಪ್ಪಿನಿಂದ ಕೂಸು ಹೋಯಿತೆಂದು ಒಂದೂವರೆ ತಿಂಗಳು ಕೊರಗಿದ್ದರಂತೆ. ಆ ಕೊರಗನ್ನು ಕೊಟ್ಟವನು ನಾನು. ಕ್ಷಮೆ ಕೇಳಿದೆ.

"ಟ್ಯಾಂಕಿಗೆ ಕೀಲಿ ಹಾಕೂಣ್ರಿ ಬಾಯಿ," ಎಂದೆ.

"ಕೀಲಿ ಕಂಡ್ರ ಯಾಕಂತ ಕೇಳತಾರ. ಯಾಕಂತ ತಿಳದ ದಿನಾ ಗೌಡರು ಊಟಾ ಬಿಡತಾರ, ಮಿಸ್ತ್ರಿ. ಒಲ್ಲೆ ಅಂದ್ರ, ಪುಕ್ಕಟೆ ಕರಸೂದು ಹೆಂಗಂತ ನಾಚಿ ಮುಂದಿನ ಹೆಣ್ಮಗಳಿಗೆ ನನ್ನ ಕರಸೂದ ಬಿಡತಾರ." ಕಣ್ಣೊರೆಸಿಕೊಂಡು ಕೇಳಿದರು: "ಅವರು ಹಾಕಿದ್ದನ್ನ ಕುಡದು ನಡಿಯೂಹಂಗ ಈ ಎಂಜಿನ್ ಮಾಡಾಕ ಆಗೂದಿಲ್ಲೇನು?"

"ಆಗತೈತ್ರಿ. ಆದ್ರ ಗಾಡಿಯ ಓಟ ಹೋಗಿಬಿಡತೈತಿ."

"ನಾ ಮೊದಲ ದಿನಾನ ಏನ ಹೇಳಿದ್ದೆ ನಿಮಗ?" ಎಂದರು. ಸಣ್ಣ ಗೇರಿನಲ್ಲಿ ಮೆಲ್ಲಗೆ ನಡೆಸಿಕೊಂಡು ಊರು ಸೇರಿದೆವು.

ಈ ಸಲ ಲೆಕ್ಕವನ್ನು ಹಿಂದುಮುಂದಾಗಿ ಹಾಕಿದೆ. ಎಂಜಿನ್ ಎಷ್ಟು ಕೊಡಬಲ್ಲದು ಎಂದು ಕೇಳುವ ಬದಲು, ಅದರ ಹೊಟ್ಟೆಗೆ ಬೀಳುವ ಅತಿ ಕೆಟ್ಟ ಎಣ್ಣೆ ಯಾವುದು ಎಂದು ಮೊದಲು ಕೇಳಿಕೊಂಡೆ. ಮೂರು ಪಾಲು ಪೆಟ್ರೋಲ್, ಒಂದು ಪಾಲು ಸೀಮೆಎಣ್ಣೆ ಎಂದು ಹಿಡಿದೆ. ಅದಕ್ಕೆ ಏಳೂಕಾಲೂ ಹೆಚ್ಚು, ಆರೂವರೆಗೆ ಇಳಿಯಬೇಕು. ಅಂದರೆ ಹೆಡ್ಡಿನೊಳಗಿನ ಜಾಗ 41.8 ಸಿಸಿಯಿಂದ 56.7ಕ್ಕೆ ಹೋಗಬೇಕು. ಎರಡು ಗ್ಯಾಸ್ಕೆಟ್ಟುಗಳ ನಡುವೆ ಮೂರು ಮಿಲಿಮೀಟರ್ ದಪ್ಪದ ತಾಮ್ರದ ತಗಡು ಇಟ್ಟರೆ ಹತ್ತು ಸಿಸಿಗಿಂತ ತುಸು ಹೆಚ್ಚು ಸಿಗುತ್ತದೆ. ಉಳಿದ ನಾಲ್ಕೂವರೆ ಸಿಸಿಯನ್ನು ಹೆಡ್ಡಿನೊಳಗೆ ಕೆರೆದು ತೆಗೆಯಬೇಕು.

ಹಂಡೆ ಕೊಡ ಬಡಿಯುವ ಕಂಚಗಾರ ವೀರಭದ್ರಪ್ಪ ನನ್ನ ಬಾಲ್ಯದ ಗೆಳೆಯ. ನಾಲ್ಕು ದೊಡ್ಡ ತೂತು, ಸುತ್ತಲೂ ಸಣ್ಣ ತೂತುಗಳಿದ್ದ, ನಾನು ಕತ್ತರಿಸಿ ಒಯ್ದಿದ್ದ ರಟ್ಟಿನ ನಮೂನೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಏನೋ ದಸ್ತಗೀರ, ಪಡ್ಡಿನ ಹಂಚಿಗೆ ತಳಾ ಆದ್ರೂ ಇರತೈತಿ, ಇದಕ್ಕ ಅದೂ ಇಲ್ಲ! ಇದರಾಗ ಏನ ಬೇಯಸ್ತೀಯೋ?"

"ನನ್ನ ಸೊಕ್ಕು ಬೇಯಸ್ತೀನಿ, ಬಡಿ ಸುಮ್ನ," ಎಂದೆ.

ಅವನು ಬಡಿದುಕೊಟ್ಟ ತಗಡನ್ನು ಕಾಯಿಸಿ ಮೆತ್ತಗೆ ಮಾಡಿ, ಮರಳುಕಾಗದದ ಮೇಲೆ ನುಣ್ಣಗೆ ಉಜ್ಜಿ ಸಮ ಮಾಡಲು ನನಗೆ ನಾಲ್ಕು ದಿನ ಹಿಡಿಯಿತು. ಆಮೇಲೆ ಅರದಿಂದ ಹೆಡ್ಡಿನ ಒಳಗನ್ನು ಕೆರೆದೆ. ನಾಲ್ಕೂ ಸಿಲಿಂಡರುಗಳ ಜಾಗ ಸಮನಾಗಿರಬೇಕು, ಇಲ್ಲದಿದ್ದರೆ ಎಂಜಿನ್ ನಡುಗುತ್ತದೆ. ಜಾಗ ಅಳೆಯಲು ಡಾಕ್ಟರಬಾಯಿ ತಮ್ಮ ಹತ್ತು ಸಿಸಿ ಸಿರಿಂಜ್ ಕೊಟ್ಟರು. ಹೆಡ್ಡನ್ನು ಮಗುಚಿ, ಮೇಲೆ ತೂತಿರುವ ಗಾಜು ಮುಚ್ಚಿ, ಸಿರಿಂಜಿನಿಂದ ತೆಳುವಾದ ಎಣ್ಣೆ ತುಂಬಿಸುತ್ತ ಎಣಿಸುವುದು. ಒಂದು ಮಧ್ಯಾಹ್ನ ಅವರೇ ಬಂದು ಕೂತು ತುಂಬಿದರು. ಅವರ ಕೈ ನನ್ನದಕ್ಕಿಂತ ಸ್ಥಿರವಾಗಿತ್ತು.

"ನಾಕನೇದು ಅರ್ಧ ಸಿಸಿ ಕಮ್ಮಿ ಐತಿ, ಇನ್ನಷ್ಟು ಕೆರೀರಿ," ಎಂದು ಹುಕುಂ ಮಾಡಿದರು. ಕೆರೆದೆ.

ಹೆಡ್ ಮೇಲೇರಿದ್ದರಿಂದ, ಯುವರಾಜರ ಮೆಕ್ಯಾನಿಕ್ ವಾಲ್ವುಗಳನ್ನು ಒತ್ತಿ ತೆರೆಯುವ ರಾಕರುಗಳ ಕೆಳಗೆ ಇಟ್ಟಿದ್ದ ಪ್ಯಾಕಿಂಗ್ ತೆಗೆದುಹಾಕಿ ವಾಲ್ವ್ ಹೊಂದಿಸಿದೆ. ನಾನೇ ಕೈಯಾರೆ ಟ್ಯಾಂಕಿಗೆ ಒಂದು ಪಾಲು ಸೀಮೆಎಣ್ಣೆ ಬೆರೆಸಿ, ಕಲ್ಲೋಳಿಯ ಮೇಲಿಂದ ಮೂಡಲಗಿಗೆ ಹೋಗಿ ಬಂದೆ. ಮಾರನೆಯ ದಿನ ಹುಕ್ಕೇರಿಗೂ ಹೋಗಿ ಬಂದೆ. ಹೊಗೆ ಒಂದಿಷ್ಟು ಬಂತು, ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಎರಡನೇ ಗೇರ್ ಬೇಕಾಯಿತು. ಆದರೆ ಒಂದು ಹರಳೂ ಅಲ್ಲಾಡಲಿಲ್ಲ. ದಾರಿಯಲ್ಲಿ ಕಂತ್ರಾಟುದಾರರೊಬ್ಬರ ಜೀಪು ನನ್ನನ್ನು ಹಿಂದೆ ಹಾಕಿತು. ಒಳಗಿದ್ದವರು ತಿರುಗಿ ನೋಡಿ, "ಏನ್ ಮಿಸ್ತ್ರಿ, ರೇಸಿನ ಕುದರಿಗೆ ಹುರಳಿ ಹಾಕಿಲ್ಲೇನು?" ಎಂದು ಕೂಗಿ ನಕ್ಕರು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ನುಂಗಿಕೊಂಡೆ.

ಆ ಎಂಜಿನ್ ಮುಂದೆ ಒಂದು ಸಲವೂ ದಾರಿಯಲ್ಲಿ ನಿಲ್ಲಲಿಲ್ಲ. ಹಳ್ಳಿಗರು ಸುರಿದದ್ದನ್ನೆಲ್ಲ ಕುಡಿದು, ತಿಂಗಳಿಗೊಮ್ಮೆ ನನ್ನಲ್ಲಿ ಬಂದು ಪ್ಲಗ್ಗಿನ ಮಸಿ ತೆಗೆಸಿಕೊಂಡು ಹೋಗುತ್ತಿತ್ತು.

1959ರ ಆಗಸ್ಟಿನಲ್ಲಿ ಗಂಗವ್ವನಿಗೆ ಎರಡನೇ ಹೆರಿಗೆಯ ನೋವು ಬಂತು. ಚೀಟಿ ಬಂದಾಗ ಬೆಳಗಿನ ಒಂಬತ್ತು ಗಂಟೆ. ರಾತ್ರಿಯೆಲ್ಲ ಮಳೆ ಸುರಿದು ದಾರಿ ಕೆಸರಾಗಿತ್ತು. ಗಾಡಿ ಹೂತರೆ ನೂಕಲು ಆಳು ಬೇಕೆಂದು ನಾನೇ ಜೊತೆಗೆ ಹೋದೆ. ಖರೆ ಹೇಳಬೇಕೆಂದರೆ, ಮನೆಯಲ್ಲಿ ಕೂತು ಕಾಯಲು ನನ್ನಿಂದ ಆಗುತ್ತಿರಲಿಲ್ಲ. ದಾರಿಯುದ್ದಕ್ಕೂ ಎಂಜಿನ್ನಿನ ಸಪ್ಪಳಕ್ಕೆ ಕಿವಿಗೊಟ್ಟು ಕೂತೆ. ಹಿಂದಿನ ಸಲ ಗಾಡಿ ನಿಂತ ಜಾಗ ಬಂತು. ಗಾಡಿ ಎರಡನೇ ಗೇರಿನಲ್ಲಿ ಕೆಸರು ಹಾರಿಸುತ್ತ ಅದನ್ನು ದಾಟಿ ಹೋಯಿತು. ಈ ಸಲವೂ ಕೂಸು ತಿರುಗಿರಲಿಲ್ಲ. ಡಾಕ್ಟರಬಾಯಿ ಕೈ ತೊಳೆದುಕೊಂಡು ಒಳಗೆ ಹೋದರು, ಬಾಗಿಲು ಮುಚ್ಚಿತು.

ಶಿವನಗೌಡರು, ನಾನು, ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಒಳಗೆ ಕೂಸು ಅತ್ತದ್ದು ಕೇಳಿಸಿದಾಗ ಗೌಡರು ರುಮಾಲು ತೆಗೆದು ಮುಖ ಒರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಗಿತ್ತು. ಆಮೇಲೆ ಅವರು ನನ್ನ ಕಡೆ ತಿರುಗಿ, ಸುಮಾರು ಎರಡು ವರ್ಷದಿಂದ ಎದೆಯಲ್ಲಿ ಇಟ್ಟುಕೊಂಡದ್ದನ್ನು ಕೇಳಿಯೇಬಿಟ್ಟರು:

"ಮಿಸ್ತ್ರಿ, ಅವತ್ತ ಗಾಡಿ ಯಾಕ ನಿಂತಿತ್ರಿ?"

ಮಾತಿಗೆ ಮುಂಚೆ ಸಿಟ್ಟಾಗುವ ನಾನು, ಆ ದಿನ ಒಂದೊಂದೇ ಶಬ್ದ ಹುಡುಕಿ ಹೇಳಿದೆ:

"ನನ್ನ ತಪ್ಪರಿ ಗೌಡ್ರ. ಈ ದಾರಿಗೆ ತಡಿಯೂಹಂಗ ನಾ ಎಂಜಿನ್ ಕಟ್ಟಿರಲಿಲ್ಲ. ನನ್ನ ಸೊಕ್ಕಿಗೆ ಕಟ್ಟಿದ್ದೆ."

ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ಕೂತೆ. ಗೌಡರು ಎದ್ದು ನನ್ನ ರಟ್ಟೆ ಹಿಡಿದರು.

"ಏಳ್ರಿ. ಒಳಗ ಬಂದು ಕೂಸಿನ ಮಾರಿ ನೋಡ್ರಿ," ಎಂದರು.

ತಿರುಗಿ ಬರುವ ದಾರಿಯಲ್ಲಿ ಇದನ್ನು ತಿಳಿಸಿದಾಗ, ಮುದುಕನ ಮನಸ್ಸು ಉಳಿಸಲು ನಾನು ಸುಳ್ಳು ಹೇಳಿದೆನೆಂದು ಡಾಕ್ಟರಬಾಯಿ ಹೊಗಳಿದರು. ಸುಳ್ಳಲ್ಲ ಬಾಯಿ, ಎಂದೆ. ಗೋಕಾಕದ ಪಂಪಿನ ಪೆಟ್ರೋಲನ್ನು ಮೂರು ಸಲ ಪರೀಕ್ಷೆ ಮಾಡಿದ್ದ ನಾನು, ಆ ಗಾಡಿ ಯಾರ ಯಾರ ಮನೆಯ ಮುಂದೆ ನಿಲ್ಲುತ್ತದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಅಲ್ಲಿಂದ ಮುಂದೆ ಯಾರೇ ಎಂಜಿನ್ ತಂದರೂ ಮೈಕ್ರೋಮೀಟರ್ ಎತ್ತುವ ಮೊದಲು ಅದನ್ನೇ ಕೇಳುತ್ತಿದ್ದೆ.